ಬೇಗ ಜೋಡಿಯಾದ ಎಳೆಗಳು

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ‘ಪಾಚಿ ಅಕ್ಕ’ ಎನ್ನುತ್ತಿದ್ದರು. ಗಾಜಿನ ಜಾಡಿಗಳಲ್ಲಿ ಹಸಿರು ಪಾಚಿ ಬೆಳೆಸುವುದು ಅವಳ ಕೆಲಸ, ಅದರ ಡಿಎನ್‌ಎ ಅಳೆಯುವುದು ಗಂಡನದು. ಲ್ಯಾಬಿಗೆ ಅವನೇ ಮುಖ್ಯಸ್ಥ.

ಡಿಎನ್‌ಎಯನ್ನು ಕುದಿಸಿದರೆ ಜೋಡಿ ಎಳೆಗಳು ಬೇರೆಯಾಗುತ್ತವೆ. ಆರಲು ಬಿಟ್ಟರೆ ಮತ್ತೆ ಜೊತೆ ಹುಡುಕಿಕೊಳ್ಳುತ್ತವೆ. ಎಳೆಯುದ್ದಕ್ಕೂ ಮತ್ತೆ ಮತ್ತೆ ಮರುಕಳಿಸುವ ತುಣುಕಿಗೆ ಜೊತೆ ಬೇಗ ಸಿಗುತ್ತದೆ. ಒಂದೇ ಪ್ರತಿಯಿರುವುದು ತಡಕಾಡುತ್ತಲೇ ಇರಬೇಕು. ಈ ಪಾಚಿಯಲ್ಲಿ ಮರುಕಳಿಸುವ ತುಣುಕುಗಳು ವಿಪರೀತ, ಅವು ಒಂಟಿ ಪ್ರತಿಗಳ ನಡುನಡುವೆ ಹರಡಿಕೊಂಡಿವೆ ಎಂದು ತೋರಿಸಿಯೇ ಅವನು ಹೆಸರು ಮಾಡಿದ್ದು.

ಆ ವರ್ಷ ಅವಳು ಔಷಧಿ ಹಾಕಿ, ಪಾಚಿಗೆ ಅಂಟಿಕೊಂಡಿದ್ದ ಬ್ಯಾಕ್ಟೀರಿಯಾಗಳನ್ನು ಪೂರಾ ತೊಲಗಿಸಿದಳು. ಗಂಡನಿಗೆ ಖುಷಿಯಾಗಲೆಂದು ತಾನೇ ಅಳೆದೂ ನೋಡಿದಳು. ಬೇಗ ಜೋಡಿಯಾಗುವ ಭಾಗ ಹೆಚ್ಚುಕಡಿಮೆ ಮಾಯವಾಗಿತ್ತು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಗಂಡನಿಗೆ ಅದನ್ನು ಹೇಳಿದಳು. “ರೀ, ಆ ಬೇಗ ಜೋಡಿಯಾಗೋ ಭಾಗ ಪಾಚೀದಲ್ಲ ಅನ್ಸತ್ತೆ. ಬ್ಯಾಕ್ಟೀರಿಯಾದ ಡಿಎನ್‌ಎ ಚಿಕ್ಕದಲ್ವಾ, ತುಣುಕುಗಳ ಬಗೆ ಕಮ್ಮಿ, ಅದಕ್ಕೂ ಜೊತೆ ಬೇಗ ಸಿಗತ್ತೆ.”

“ಎಲ್ಲೋ ಕೈ ತಪ್ಪಿರತ್ತೆ. ನಿಂಗ್ಯಾಕೆ ಇಲ್ಲದ ಉಸಾಬರಿ?”

“ತಿರುಗಾ ಮಾಡಿ ನೋಡ್ದೆ ಕಣ್ರೀ.”

ಅವನು ಡಬ್ಬಿ ಮುಚ್ಚಿ ಎದ್ದ. ಬಾಗಿಲು ಹಾಕಿಕೊಂಡು ವಾರವಿಡೀ ತಾನೇ ಅಳೆದ. ಹೊರಬಂದಾಗ ಮುಖ ಬಿಳಿಚಿಕೊಂಡಿತ್ತು.

“ನೀನ್ ಹೇಳಿದ್ದೇ ಸರಿ. ಇಷ್ಟು ವರ್ಷ ನಾನು ಅಳೆದಿದ್ದು ಪಾಚೀನಲ್ಲ, ಅದರ ಮೈಮೇಲಿನ ಕೊಳೇನ.”

“ಯಾರಿಗೂ ಗೊತ್ತಿಲ್ಲ. ಹೇಳ್ಲೇಬೇಕಾ?” ಕೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು.

“ನಿಂಗೆ ಗೊತ್ತಲ್ಲ,” ಎಂದ.

ಅವನು ತನ್ನ ಪ್ರಬಂಧಗಳನ್ನೆಲ್ಲ ಹಿಂತೆಗೆದುಕೊಂಡ. ಅವನ್ನೇ ನಂಬಿ ದುಡಿದಿದ್ದ ವಿದ್ಯಾರ್ಥಿಗಳು ಮುಖ ಕೊಟ್ಟು ಮಾತಾಡದೆ ಬೇರೆ ಕಡೆ ಸೇರಿಕೊಂಡರು. ಕ್ಯಾಂಟೀನಿನಲ್ಲಿ ಅವನಿಗೆ ‘ಕೊಳೆ ಮೇಷ್ಟ್ರು’ ಎಂಬ ಹೆಸರು ಬಿತ್ತು. ಲ್ಯಾಬು ಹೆಂಡತಿಯ ಕೈಗೆ ಬಂತು; ಅವನು ಮೊದಲ ವರ್ಷದ ಹುಡುಗರಿಗೆ ಪಾಠ ಹೇಳಲು ಹೋದ. ಮನೆಯಲ್ಲಿ ಒಂದು ದಿನವೂ ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ಸಲ ಅನಿಸಿತು.

“ಅಪ್ಪ ಯಾಕಮ್ಮ ಮಾತಾಡಲ್ಲ?” ಎಂದು ಮಗಳು ಕೇಳಿದಳು.

“ತಲೆನೋವು, ಪುಟ್ಟಿ.”

ಮರುವರ್ಷ ಶುದ್ಧ ಪಾಚಿಯಲ್ಲಿ ನಿಜವಾಗಿಯೂ ಮರುಕಳಿಸುವ ತುಣುಕುಗಳು ಅವಳಿಗೆ ಸಿಕ್ಕವು. ಸ್ವಲ್ಪವೇ ಇದ್ದವು, ಹರಡಿಕೊಂಡಿರಲಿಲ್ಲ, ಒಂದೇ ಕಡೆ ಗುಂಪುಗೂಡಿದ್ದವು. ಮನೆಗೆ ಓಡಿ ಬಂದು ಹೇಳಿದಳು. ಅವನು ಉತ್ತರಪತ್ರಿಕೆ ತಿದ್ದುತ್ತಿದ್ದ.

“ಒಳ್ಳೇದಾಯ್ತು. ಬರೆದು ಕಳಿಸು. ನನ್ನ ಹೆಸರು ಮಾತ್ರ ಹಾಕ್ಬೇಡ.”

ಅವಳು ಅಲ್ಲೇ ನಿಂತಳು. ಅವನು ಕನ್ನಡಕ ಸರಿಮಾಡಿಕೊಂಡು ಮುಂದಿನ ಪತ್ರಿಕೆ ಎಳೆದುಕೊಂಡ.