ಎಣ್ಣೆ ಸವರಿದ ತೊಲೆಗಳು

ಮೊದಲ ಚುನಾವಣೆ ಮುಗಿದ ವರ್ಷದ ಬೇಸಿಗೆ. ಶಹಾಬಾದಿನ ಖಣಿಯೊಂದರಲ್ಲಿ ಸಾಯಬಣ್ಣನೂ ಅವನ ಹೆಂಡತಿ ಭಾಗಮ್ಮನೂ ಕಲ್ಲು ಜಗ್ಗುವ ಕೆಲಸಕ್ಕಿದ್ದರು. ದಂಡೆಯ ಮೇಲಿಂದ ಬಂಡಿ ನಿಲ್ಲುವ ಜಾಗದವರೆಗೆ ಎರಡು ತೊಲೆಗಳನ್ನು ಓರೆಯಾಗಿ ಹಾಸಿದ್ದರು. ಅವುಗಳ ಮೇಲೆ ನೆಲಕ್ಕೆ ಹಾಸುವ ಫರಸಿಕಲ್ಲನ್ನಿಟ್ಟು, ಇಕ್ಕೆಲದಲ್ಲಿ ನಡೆಯುತ್ತ ನಾಲ್ವರು ಹಗ್ಗ ಹಿಡಿದು ಕೆಳಕ್ಕೆ ಜಗ್ಗಬೇಕು. ಇಳಿಜಾರಾದರೂ ಕಲ್ಲು ತಾನಾಗಿ ಸರಿಯುತ್ತಿರಲಿಲ್ಲ. ಒರಟು ಕಟ್ಟಿಗೆಯ ತಿಕ್ಕಾಟ ಅವರ ಕಸುವನ್ನೆಲ್ಲ ತಿಂದುಹಾಕುತ್ತಿತ್ತು; ತೊಲೆ ಮುಟ್ಟಿದರೆ ಬಿಸಿ. ಜಗ್ಗುವುದು ನಿಂತರೆ ಕಲ್ಲೂ ನಿಲ್ಲುತ್ತಿತ್ತು.

ಭಾಗಮ್ಮನಿಗೆ ಆಗ ಆರು ತಿಂಗಳು. ಒಂದು ಮುಂಜಾನೆ ಹಗ್ಗ ಬಿಟ್ಟು ಸೊಂಟ ಹಿಡಿದು ಕೂತಳು.

“ಇನ್ನ ನನ್ನ ಕೈಲೆ ಆಗಲ್ಲರಿ. ಹೊಟ್ಟಿ ಕೆಳಗ ಜಗ್ಗಿದಂಗ ಆಗಲಿಕತ್ತದ.”

ಮರುದಿನ ಸಾಯಬಣ್ಣ ಯಾರನ್ನೂ ಕೇಳದೆ ಮನೆಯಿಂದ ಔಡಲೆಣ್ಣೆ ತಂದು ತೊಲೆಗಳಿಗೆ ಬಳಿದ. ಮೊದಲ ಕಲ್ಲನ್ನು ಗಂಡಹೆಂಡಿರಿಬ್ಬರೇ ಮೆಲ್ಲಗೆ ಎಳೆದು ನೋಡಿದರು. ಸರಾಗವಾಗಿ ಜಾರಿ, ತೊಲೆಯ ತುದಿಯ ಮಣ್ಣಿನಲ್ಲಿ ನಿಂತಿತು.

“ನೋಡ್ರಿ, ಎಷ್ಟ ಹಗುರ ಆತು!” ಎಂದು ಭಾಗಮ್ಮ ನಕ್ಕಳು.

ಎರಡನೆಯದು ದಪ್ಪ ಕಲ್ಲು. ಉಳಿದಿಬ್ಬರೂ ಬಂದು ಸೇರಿದರು. ರೂಢಿಯಂತೆ ನಾಲ್ವರೂ ಜೋರಿನಿಂದ ಜಗ್ಗಿದರು. ಹಗ್ಗ ಸಡಿಲಾಗಿ ಕೈಯಿಂದ ಕಳಚಿತು. ಅವರು ಹಾಕಿದ ಕಸುವನ್ನು ತಿನ್ನಲು ತೊಲೆಯಲ್ಲಿ ಏನೂ ಉಳಿದಿರಲಿಲ್ಲ. ಅದೆಲ್ಲ ಕಲ್ಲಿನ ವೇಗವಾಯಿತು. ಕೆಳಗೆ, ಕಲ್ಲನ್ನು ಬಂಡಿಗೇರಿಸುವ ಹಾಜಿಮಲಂಗ್ ಬೆನ್ನು ತಿರುಗಿಸಿ ನೊಗ ಸರಿಮಾಡುತ್ತಿದ್ದ.

“ಮಲಂಗ್‌ಭಾಯಿ, ಬಾಜೂಕ ಸರೀ! ಸರೀ!” ಸಾಯಬಣ್ಣ ಕೂಗಿದ.

ಅವನು ತಿರುಗುವಷ್ಟರಲ್ಲಿ ಕಲ್ಲು ಅವನನ್ನು ಗಾಲಿಗೆ ಒತ್ತಿ ನಿಂತಿತು.

ಮೂರನೆಯ ದಿನ ಹಾಜಿಮಲಂಗ್ ತೀರಿಕೊಂಡ. ಮಣ್ಣು ಮಾಡಿದ ಮೇಲೆ ಗಂಡಹೆಂಡಿರು ಅವನ ತಾಯಿಯ ಬಳಿಗೆ ಹೋದರು.

“ಎಣ್ಣಿ ನಾನೇ ಹಚ್ಚಿದ್ದೆ, ಅಮ್ಮಾ,” ಎಂದ ಸಾಯಬಣ್ಣ.

“ಯಾಕ ಹಚ್ಚಿದಿ?”

“ಈಕಿ ಬಸುರಿ ಅದಾಳ. ಜಗ್ಗಲಿಕ್ಕ ಹಗುರ ಆಗ್ಲಿ ಅಂತ.”

ಮುದುಕಿ ಭಾಗಮ್ಮನ ಹೊಟ್ಟೆಯನ್ನೇ ಬಹಳ ಹೊತ್ತು ನೋಡಿದಳು. “ಹೋಗ್ರಿ. ನನ್ನ ಮುಂದ ನಿಂದರಬ್ಯಾಡ್ರಿ,” ಎಂದಳು.

ಖಣಿಯ ಜಮಾದಾರ ಗುರುಲಿಂಗಪ್ಪ ತೊಲೆಗಳನ್ನು ಬೂದಿ, ಉಸುಕು ಹಾಕಿ ತಿಕ್ಕಿಸಿದ. ಈಗ ಕಲ್ಲು ಮೊದಲಿಗಿಂತಲೂ ಬಿಗಿ.

“ಮಲಂಗನ ಜಾಗಾದಾಗ ನೀನೇ ನಿಂದ್ರು,” ಎಂದು ಸಾಯಬಣ್ಣನನ್ನು ಕೆಳಗಿಳಿಸಿದ. ಮೇಲೆ ಜಗ್ಗಲು ಮೂವರೇ ಉಳಿದರು.

ಭಾಗಮ್ಮ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಳು. ಕಲ್ಲು ಒಂದು ಗೇಣು ಸರಿಯಿತು, ನಿಂತಿತು. ಮತ್ತೊಂದು ಗೇಣು. ನಿಂತಾಗಲೆಲ್ಲ ಅವಳ ನರಳಿಕೆ ಕೆಳಗಿನವರೆಗೂ ಕೇಳಿಸುತ್ತಿತ್ತು. ಸಾಕು, ಬಿಡು ಎನ್ನಲು ಸಾಯಬಣ್ಣ ಬಾಯಿ ತೆರೆದ. ಜಮಾದಾರ ಅಲ್ಲೇ ನಿಂತಿದ್ದ. ಸಾಯಬಣ್ಣ ಬಂಡಿಯ ಕಡೆ ತಿರುಗಿ ನೊಗ ಸರಿಮಾಡತೊಡಗಿದ.