ಮಹಡಿಯ ಅಳತೆ

ಕಂದಾಯದ ಇನ್ಸ್‌ಪೆಕ್ಟರ್ ಟೀ ಲೋಟ ಕೆಳಗಿಟ್ಟು, ಫಾರಂಗೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದರು. ಎದುರಿಗೆ ಸ್ಟೂಲಿನ ಮೇಲೆ ಟೈಲ್ಸ್ ಮೇಸ್ತ್ರಿ ಕೂತಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ, ಬಾಯಿ ಮುಚ್ಚಿಕೊಂಡಿರಿ ಎಂದು ಕಣ್ಣಲ್ಲೇ ಹೇಳಿದಳು.

"ಅಳತೆ ಮಾಡಲ್ವಾ ಸಾರ್?" ಮೇಸ್ತ್ರಿಯ ಬಾಯಿ ತಪ್ಪಿ ಬಂತು.

"ನಿಮ್ಮ ಮನೆಗಾ?" ಇನ್ಸ್‌ಪೆಕ್ಟರ್ ನಕ್ಕರು. "ಭಾನುವಾರ ನಿಮ್ಮ ಪಾಠ ಕೇಳಿ, ಗುರುವಾರ ನಿಮ್ಮ ಮನೇಲೇ ಟೇಪ್ ಬಿಚ್ಚಿದ್ರೆ ನನಗೇ ನಾಚಿಕೆ ಆಗಲ್ವಾ ಬ್ರದರ್? ನೀವು ಏನು ಬರೆದಿದೀರೋ ಅದೇ ಅಳತೆ."

ಬರೆದದ್ದೇನು? ಕೆಳಗಿನ ಮನೆ, ಆರುನೂರು ಚದರಡಿ, ವಾಸಕ್ಕೆ. ಎರಡು ವರ್ಷದ ಹಿಂದೆ ಮೇಲೆ ಎಬ್ಬಿಸಿದ ದೊಡ್ಡ ಕೋಣೆ ಆ ಫಾರಂನಲ್ಲಿ ಇರಲಿಲ್ಲ. ರಸ್ತೆಯಿಂದ ಅದು ಕಾಣುವುದೂ ಇಲ್ಲ. ಮೆಟ್ಟಿಲು ಹಿತ್ತಲ ಕಡೆಗಿದೆ. ಅಲ್ಲಿ ಹೆಂಡತಿಯ ಮೂರು ಹೊಲಿಗೆ ಮಿಷನ್ನುಗಳಿದ್ದವು, ಎರಡು ಶಾಲೆಗಳ ಯೂನಿಫಾರ್ಮು ಅಲ್ಲೇ ತಯಾರಾಗುತ್ತಿತ್ತು. ಸದ್ದು ಕೆಳಗೆ ಕೇಳಬಾರದೆಂದು ಇವತ್ತು ಹೊಲಿಯುವ ಹೆಂಗಸರಿಬ್ಬರಿಗೂ ರಜೆ ಕೊಟ್ಟಿದ್ದಳು. ವ್ಯಾಪಾರದ ಜಾಗಕ್ಕೆ ಕಂದಾಯ ಮೂರು ಪಟ್ಟು. ಎರಡು ವರ್ಷದ ಬಾಕಿ, ಅದರ ಮೇಲೆ ದಂಡ. ಫಾರಂ ತುಂಬುವ ದಿನ ಗಂಡ ಹೆಂಡತಿ ಕೂತು ಲೆಕ್ಕ ಹಾಕಿದಾಗ ಅದು ಹೆಚ್ಚುಕಡಿಮೆ ಮಗಳ ನರ್ಸಿಂಗ್ ಓದಿನ ಎರಡನೇ ವರ್ಷದ ಫೀಸಿನಷ್ಟೇ ಆಗಿತ್ತು.

"ಬೀದಿ ದೀಪ ಹೋಗಿ ಆರು ತಿಂಗಳಾಯ್ತು," ಎಂದಿದ್ದಳು ಹೆಂಡತಿ ಆವತ್ತು. "ಒಂದು ಬಲ್ಬ್ ಹಾಕೋಕಾಗದವರಿಗೆ ನನ್ನ ಮಗಳ ಫೀಸ್ ತಗೊಂಡೋಗಿ ಕೊಡ್ಲಾ?"

ಮೇಸ್ತ್ರಿ ಅದಕ್ಕೆ ಉತ್ತರ ಹುಡುಕಲು ಹೋಗಲಿಲ್ಲ. ಹುಡುಕಿದರೆ ಸಿಗುತ್ತದೆ ಎಂಬುದೇ ಅವನ ಭಯ.

ಪಾಠದ ವಿಷಯವನ್ನಂತೂ ಅವನು ಆರಿಸಿಕೊಂಡದ್ದಲ್ಲ. ಚರ್ಚಿನಲ್ಲಿ ಭಾನುವಾರ ಆರಾಧನೆಯ ನಂತರ ದೊಡ್ಡವರ ಬೈಬಲ್ ತರಗತಿಯಲ್ಲಿ ಸರದಿಯ ಪ್ರಕಾರ ಒಬ್ಬೊಬ್ಬರು ಪಾಠ ಮಾಡಬೇಕು. ವಿಷಯಗಳ ಪಟ್ಟಿ ವರ್ಷದ ಮೊದಲೇ ಅಚ್ಚಾಗಿರುತ್ತದೆ. ಮೇಸ್ತ್ರಿಯ ಪಾಲಿಗೆ ಬಂದದ್ದು 'ವಿಶ್ವಾಸಿಯೂ ಸರ್ಕಾರವೂ'. ದೇವರಿಗೂ ತಮಾಷೆ ಮಾಡುವ ಬುದ್ಧಿ ಇದೆ, ಇಲ್ಲವೆನ್ನಬಾರದು. ಮೇಸ್ತ್ರಿ ಮಾತಿಗೆ ನಿಂತರೆ ಎತ್ತಿದ ಕೈ. ಯೇಸುವನ್ನು ಸಿಕ್ಕಿಸಲು ಬಂದವರು ತೆರಿಗೆ ಕೊಡಬೇಕೋ ಬೇಡವೋ ಎಂದು ಕೇಳಿದ್ದು, ಆತ ನಾಣ್ಯ ತರಿಸಿ ಇದರ ಮೇಲೆ ಯಾರ ಮುಖವಿದೆ ಎಂದದ್ದು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದ. "ರೋಮಿನ ಚಕ್ರವರ್ತಿ ಏನು ಸಾಚಾ ಮನುಷ್ಯನಾ? ಅವನೂ ನಮ್ಮ ಬೀದಿಗೆ ದೀಪ ಹಾಕಿಸ್ತಿರಲಿಲ್ಲ. ಆದ್ರೂ ಯೇಸು ಕೊಡಿ ಅಂದ್ರು. ಪೌಲನೂ ರೋಮಿನ ವಿಶ್ವಾಸಿಗಳಿಗೆ ಅದನ್ನೇ ಬರೆದ, ದಂಡಕ್ಕೆ ಹೆದರಿ ಮಾತ್ರ ಅಲ್ಲ, ಮನಸ್ಸಾಕ್ಷಿಗೋಸ್ಕರಾನೂ ಕೊಡಿ ಅಂತ. ಅವರು ಯೋಗ್ಯರು ಅಂತ ಕೊಡೋದಲ್ಲ, ನಾವು ಯಾರ ಮಕ್ಕಳು ಅಂತ ಕೊಡೋದು." ಜನ ತಲೆದೂಗಿದರು. ಹೆಂಡತಿ ಮಾತ್ರ ತಲೆ ತಗ್ಗಿಸಿ ಕೂತಿದ್ದಳು.

ಮನೆಗೆ ಬರುವ ದಾರಿಯಲ್ಲಿ ಅವಳು ಆಡಿದ್ದು ಒಂದೇ ಮಾತು: "ಹೇಳೋದು ಶಾಸ್ತ್ರ, ಇಕ್ಕೋದು ಗಾಳ."

"ಗಾಳ ಇಬ್ರೂ ಸೇರಿ ಹಾಕಿದ್ದು," ಎಂದಿದ್ದ ಅವನು. ಆವತ್ತು ಹಿಂದಿನ ಬೆಂಚಿನಲ್ಲಿ ಕೂತಿದ್ದ ಹೊಸಬ ಯಾರೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಆ ಹೊಸಬರೇ ಈಗ ಸಹಿ ಹಾಕಿ, ಮೊಹರು ಒತ್ತಿದರು. ಎದ್ದು ಹೊರಡುವ ಬದಲು ಫಾರಂ ಮಡಿಸುತ್ತ ದನಿ ತಗ್ಗಿಸಿದರು.

"ಒಂದು ವಿಷಯ ಬ್ರದರ್, ಚರ್ಚಲ್ಲಿ ಯಾರಿಗೂ ಹೇಳಿಲ್ಲ. ಸೋಮವಾರ ಒಬ್ಬ ಬಿಲ್ಡರ್ ಕವರ್ ತಂದ. ಹನ್ನೊಂದು ವರ್ಷದಿಂದ ತಗೋತಾನೇ ಇದ್ದೆ, ಸುಳ್ಳು ಯಾಕೆ ಹೇಳ್ಲಿ. ಸೋಮವಾರ ಬೇಡ ಅಂದ್ಬಿಟ್ಟೆ. ಆವತ್ತಿಂದ ಆಫೀಸಲ್ಲಿ ಯಾರೂ ನನ್ನ ಜೊತೆ ಊಟಕ್ಕೆ ಕೂರ್ತಿಲ್ಲ. ಮನೇಲೂ ಮುಖ ಊದಿಸ್ಕೊಂಡಿದಾರೆ. ನಾನೇ ಪೆದ್ದನೇನೋ ಅನ್ನಿಸಿದಾಗೆಲ್ಲ ನಿಮ್ಮನ್ನ ನೆನೆಸ್ಕೋತೀನಿ. ಒಬ್ಬ ಮೇಸ್ತ್ರಿ ಕೈಲಿ ಆಗೋದು ನನ್ನ ಕೈಲಿ ಆಗಲ್ವಾ ಅಂತ."

ಮೇಸ್ತ್ರಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು. ನಿಜ ಹೇಳಿದರೆ, ಈ ಮನುಷ್ಯ ನಾಳೆಯೇ ಮತ್ತೆ ಕವರಿಗೆ ಕೈ ಚಾಚಿಬಿಟ್ಟರೆ? ಹೇಳದಿದ್ದರೆ, ಇವರು ನಿಂತಿರುವುದು ಯಾವುದರ ಮೇಲೆ? ಗಾರೆ ತುಂಬದೆ ಕೂರಿಸಿದ ಟೈಲು ನೋಡುವುದಕ್ಕೆ ಚೆನ್ನಾಗಿಯೇ ಇರುತ್ತದೆ, ಬೆರಳಲ್ಲಿ ತಟ್ಟಿದರೆ ಮಾತ್ರ ಟೊಳ್ಳು ಎಂದು ತಿಳಿಯುತ್ತದೆ; ಭಾರ ಬಿದ್ದ ದಿನ ಬಿರುಕು ಬಿಡುತ್ತದೆ. ಮೂವತ್ತು ವರ್ಷದಲ್ಲಿ ಅಂಥ ಒಂದು ಟೈಲನ್ನೂ ಅವನು ಯಾರ ಮನೆಯಲ್ಲೂ ಹಾಕಿರಲಿಲ್ಲ.

ಇನ್ಸ್‌ಪೆಕ್ಟರ್ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದರು.

"ಸಾರ್, ಮೇಲೆ ಒಂದು ಕೋಣೆ ಇದೆ," ಎಂದ ಮೇಸ್ತ್ರಿ. "ಹತ್ತಿರ ಹತ್ತಿರ ಮುನ್ನೂರೈವತ್ತು ಚದರಡಿ. ಹೊಲಿಗೆ ಕೆಲಸ ನಡೆಯುತ್ತೆ. ಅದನ್ನ ಬರೆದಿಲ್ಲ."

"ರೀ!" ಎಂದಳು ಹೆಂಡತಿ.

ಇನ್ಸ್‌ಪೆಕ್ಟರ್ ಒಂದೇ ಕಾಲಿಗೆ ಶೂ ಹಾಕಿಕೊಂಡು ಹಾಗೇ ನಿಂತರು. "ಪಾಠ ಹೇಳೋವಾಗ್ಲೂ ಇತ್ತಾ ಆ ಕೋಣೆ?"

"ಇತ್ತು ಸಾರ್. ಫಾರಂ ಕೂಡ ಹಿಂದಿನ ದಿನವೇ ಬರೆದಿಟ್ಟಿದ್ದೆ."

"ಹನ್ನೊಂದು ವರ್ಷದ ಅಭ್ಯಾಸ ಬಿಟ್ಟೆ, ನಿಮ್ಮ ಮಾತು ಕೇಳಿ!"

"ಮಾತು ನಂದಲ್ಲ ಸಾರ್. ಅದು ಗಟ್ಟಿಯಾಗೇ ಇದೆ. ಟೊಳ್ಳಿದ್ದಿದ್ದು ನಾನು."

ಇನ್ಸ್‌ಪೆಕ್ಟರ್ ಹಾಕಿದ್ದ ಶೂ ಕಳಚಿದರು. ಫಾರಂ ಬಿಡಿಸಿ, ತಮ್ಮ ಸಹಿಯ ಮೇಲೆ ಅಡ್ಡ ಗೆರೆ ಎಳೆದರು.

"ದಂಡ ಬೀಳುತ್ತೆ. ಒಂದು ರೂಪಾಯಿನೂ ಕಡಿಮೆ ಮಾಡಲ್ಲ."

"ಮಾಡಬೇಡಿ ಸಾರ್."

ಹಿತ್ತಲಿನ ಮೆಟ್ಟಿಲು ಹತ್ತುವಾಗ ಹೆಂಡತಿ ಗಂಡನನ್ನು ಸರಿಸಿಕೊಂಡು ಮುಂದೆ ಹೋದಳು. "ಫೀಸ್ ಕಟ್ಟೋ ದಿನ ಮಗಳಿಗೆ ನೀವೇ ಹೇಳಿ," ಎಂದಳು. ಬಾಗಿಲಿಗೆ ಅಡ್ಡ ನಿಲ್ಲುತ್ತಾಳೇನೋ ಎಂದು ಅವನು ಅಂದುಕೊಂಡ. ಅವಳು ಬೀಗ ತೆಗೆದು ಒಳಗೆ ಹೋಗಿ, ಅರ್ಧ ಹೊಲಿದ ನೀಲಿ ಬಟ್ಟೆಗಳ ರಾಶಿಯ ಪಕ್ಕ ನಿಂತಳು.

ಉದ್ದ ಅಳೆದದ್ದಾಯಿತು. ಅಗಲಕ್ಕೆ ಬಂದಾಗ, ಗೋಡೆಗೆ ಒತ್ತಿ ಸಾಲಾಗಿ ಇಟ್ಟಿದ್ದ ಮಿಷನ್ನುಗಳು ಅಡ್ಡವಾದವು. ಟೇಪಿನ ತುದಿ ಹಿಡಿದಿದ್ದ ಮೇಸ್ತ್ರಿ ಗೋಡೆಗೆ ಎರಡಡಿ ಈಚೆಗೇ ನಿಲ್ಲಬೇಕಾಯಿತು.

"ಇಲ್ಲಿಗೇ ಬರ್ಕೊಳ್ಲಾ?" ಎಂದು ಕೇಳಿದರು ಇನ್ಸ್‌ಪೆಕ್ಟರ್, ಮೇಸ್ತ್ರಿಯ ಮುಖವನ್ನೇ ನೋಡುತ್ತ.

ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಗ್ಗಿ, ಮೊದಲನೇ ಮಿಷನ್ನಿನ ಕಬ್ಬಿಣದ ಕಾಲು ಹಿಡಿದು ಎಳೆದಳು. ಅದು ನೆಲವನ್ನು ಕಿರ್ರೆಂದು ಗೀರುತ್ತ ಈಚೆಗೆ ಬಂತು. ಒಂದು ಸಲ ಸುಧಾರಿಸಿಕೊಂಡು, ಯಾರ ಕಡೆಗೂ ನೋಡದೆ, ಎರಡನೇ ಮಿಷನ್ನಿಗೆ ಕೈ ಹಾಕಿದಳು.