ಗಿಡ್ಡಾದ ಆಯೇರಿ

ಮೊಣಕೈ ಕಾಣುತ್ತಿದೆ, ಮುಂದಿನ ಸೀಟಿನ ಕಂಬಿಗೆ ಆತುಕೊಂಡ ಕಪ್ಪು ಮೊಣಕೈ, ಅದಕ್ಕಿಂತ ಮೊದಲೇ ನಿಂತುಬಿಟ್ಟ ಬಿಳಿ ತೋಳು, ಬಸ್ಸು ಕುಲುಕಿದಾಗಲೆಲ್ಲ ಜುಬ್ಬಾದ ಅಂಚು ಇನ್ನಷ್ಟು ಮೇಲೆ ಸರಿಯುತ್ತದೆ, ಸರಿಯಲಿ, ರಾಯಚೂರು ಮುಟ್ಟುವಷ್ಟರಲ್ಲಿ ಹೆಗಲಿಗೇ ಹೋಗಿ ಕೂತರೂ ಒಳ್ಳೆಯದೇ ಎಂದುಕೊಂಡಳು ಯಮನಮ್ಮ, ಅಕ್ಕನ ಗಂಡ ಬೂದೆಪ್ಪನ ಬೆನ್ನು ನೋಡುತ್ತ, ಹೊಲಿಗೆ ಕಿತ್ತುಬರುವಂತೆ ಬಿಗಿದ ಬೆನ್ನು, ಮಾನ್ವಿ ಪೇಟೆಯೆಲ್ಲ ನೋಡಿ ನಕ್ಕ ಬೆನ್ನು — ಏನಲೇ ಬೂದೆಪ್ಪ, ಮಗನ ಅಂಗಿ ಹಾಕ್ಕೊಂಡೀಯೇನು ಎಂದು ಯಾರಾದರೂ ಕೇಳಲಿ ಎಂದೇ ಚಹಾದಂಗಡಿಯ ಮುಂದೆ ನಿಲ್ಲುತ್ತಾನಂತೆ, ಕೇಳಿದರೆ ಸುತ್ತ ತಿರುಗಿ ತೋರಿಸುತ್ತಾನಂತೆ, ಇದು ನಮ್ಮ ಅತ್ತಿ ಮನಿ ಆಯೇರಿ ಅಪಾ, ಗಂಡಸಿಲ್ಲದ ಮನ್ಯಾಗ ಇಷ್ಟ ಉದ್ದಂದು ಕೊಡ್ತಾರ. ಗಂಡಸಿಲ್ಲ, ಹೌದು, ಅಪ್ಪ ಹೋದ, ಅಣ್ಣತಮ್ಮಂದಿರು ಹುಟ್ಟಲೇ ಇಲ್ಲ, ತವರೂರು ಮಸರಕಲ್ಲಿನಲ್ಲಿ ಅಕ್ಕನ ಮಗನನ್ನು ತೊಟ್ಟಿಲಿಗೆ ಹಾಕಿದ ದಿನ ತವರಿನ ಪರವಾಗಿ ಅಳಿಯನಿಗೆ ಆಯೇರಿ, ಉಡುಗೊರೆಯ ಬಟ್ಟೆ, ಇಟ್ಟ ತಟ್ಟೆ ಹಿಡಿದದ್ದು ಯಮನಮ್ಮನೇ, ಸುಗ್ಗಿಯೆಲ್ಲ ಹತ್ತಿ ಬಿಡಿಸಿ ಬಿಡಿಸಿ ಬೆರಳ ತುದಿ ಸೀಳಿದ್ದ ಕೈಯಲ್ಲಿ, ಹುಡುಗಿ ಆಯೇರಿ ಮಾಡ್ತಾಳಂತ ನೋಡಬೇ ಎಂದು ಹಿಂದೆ ಯಾರೋ ಪಿಸುಗುಟ್ಟಿದರು, ಆದರೆ ಅಂದು ಜುಬ್ಬಾ ಅವನ ಮೊಣಕಾಲಿಗೆ ಬರುತ್ತಿತ್ತು, ಕೈ ಮಣಿಕಟ್ಟಿನ ತನಕ ಇತ್ತು, ಎಲ್ಲರೂ ನೋಡಿದ್ದರು. ಆಮೇಲೆ ಅಕ್ಕ ಜಂಬಮ್ಮ ಅದನ್ನು ಕಾಲುವೆಯ ತಣ್ಣೀರಿನಲ್ಲಿ ಒಗೆದು ಒಣಹಾಕಿದಳು, ಒಣಗಿದ್ದು ಬೇರೆಯೇ ಒಂದು ಜುಬ್ಬಾ. ಅಂದಿನಿಂದ ಬೂದೆಪ್ಪ ಅದನ್ನು ಮೈಮೇಲಿಂದ ತೆಗೆದಿದ್ದರೆ ಕೇಳಿ. ಜವಳಕ್ಕ ನೀ ಬರಬ್ಯಾಡ ಯಮನಿ, ಮಂದಿ ಮುಂದ ಮತ್ತ ಅದನ್ನ ಆಡ್ತಾನ, ನನಗ ಕೇಳಾಕ ಆಗಂಗಿಲ್ಲ ಎಂದು ಅಕ್ಕ ಹೇಳಿಕಳಿಸಿದಳು — ತವರಿನವರಿಲ್ಲದೆ ಆ ಕೂಸಿನ ಮೊದಲ ಕೂದಲು ತೆಗೆಯುತ್ತಾರೆಯೇ, ತೆಗೆದ ಮೇಲೆ ಆ ಮನೆಯ ಬಾಗಿಲು ಮತ್ತೆ ತನಗೆ ತೆರೆಯುತ್ತದೆಯೇ, ಕಲ್ಲೂರು ಬಂತು, ಯಾರೋ ಇಳಿದರು, ಬಿಸಿಲು ತೊಡೆಯ ಮೇಲೆ ಬಂದು ಬಿತ್ತು. ಮುಂಜಾನೆ ಮಾನ್ವಿಯಲ್ಲಿ ದೇವದುರ್ಗದ ಬಸ್ಸಿಳಿದು ನೇರ ಅವನೆದುರು ನಿಂತು ಬಿಚ್ಚಿ ಕೊಡು ಮಾವ, ರಾಯಚೂರ ಅಂಗಡಿಗೆ ವಾಪಸ್ ಕೊಟ್ಟು ಬರ್ತೀನಿ ಅಂದರೆ ಹಲ್ಲು ಕಿಸಿದಿದ್ದ, ಆಯೇರಿ ತಿರುಗಿ ಕೊಡಬಾರದು ಬೇ, ನಿಮ್ಮವ್ವಗ ಅವಮಾನ. ಬಾಗಿಲ ಮರೆಯಲ್ಲಿ ಅಕ್ಕನ ಬಳೆ ಸದ್ದಾಯಿತು. ಆಗ ಎಲ್ಲಿಂದ ಬಂತೋ ಆ ಮಾತು ಬಾಯಿಗೆ, ಬಿಚ್ಚಬ್ಯಾಡ ಮಾವ, ಹಾಕ್ಕೊಂಡೇ ಬಾ, ಮಾನ್ವ್ಯಾಗ ನೋಡದವರು ಯಾರೂ ಉಳಿದಿಲ್ಲ, ರಾಯಚೂರಾಗ ಒಬ್ಬರೂ ನೋಡಿಲ್ಲ. ಅವನ ಕಣ್ಣು ಹೊಳೆದವು. ಹೊಸ ಊರು, ಹೊಸ ಮಂದಿ. ಟಿಕೇಟು ಕೂಡ ತಾನೇ ತೆಗೆಸಿದ.

ರಾಯಚೂರಿನ ತೀನ್ ಕಂದೀಲ್ ಚೌಕ ದಾಟಿ ಜುಬ್ಬಾ ಕೊಂಡಿದ್ದ ಅಂಗಡಿಯ ಮೆಟ್ಟಿಲು, ಮದುವೆಯ ದಿನಗಳು, ಒಳಗೆ ಕಾಲಿಡಲು ಜಾಗವಿಲ್ಲ, ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಅಡರುತ್ತದೆ, ಇದೇ ವಾಸನೆಗೆ ಅಂದು ಮರುಳಾಗಿದ್ದಳಲ್ಲ, ಗಾದಿಯ ಮೇಲೆ ಸಾವ್ಕಾರ ಹನುಮಂತ್ರಾಯ ತಲೆ ಎತ್ತದೆ ಗೋಡೆಯ ಬೋರ್ಡಿನ ಕಡೆ ಬೆರಳು ಮಾಡಿದ, ಮಾರಿದ ಮಾಲು ವಾಪಸ್ ಇಲ್ಲ, ಓದಾಕ ಬರ್ತದೇನವ್ವ. ಬರ್ತದ್ರಿ, ತೊಳದ್ರ ಗಿಡ್ಡ ಆಗ್ತದ ಅಂತ ಬರೆದಿಲ್ಲಲ್ರಿ ಎಂದಳು, ಧ್ವನಿ ಬೇರೆ ಯಾರದ್ದೋ ಎಂಬಂತೆ ನೆಟ್ಟಗಿದೆ. ಸಾವ್ಕಾರ ಅವಳನ್ನು ಬಿಟ್ಟು ಬೂದೆಪ್ಪನ ಕಡೆ ತಿರುಗಿದ, ಬರ್ರಿ ಯಜಮಾನ್ರ, ಕೂಡ್ರಿ, ಚಾ ತರಸ್ತೀನಿ, ಹೆಣ್ಣಮಕ್ಕಳು ಬಿಸಿನೀರಾಗ ಹಾಕಿ ಕುದಿಸಿರತಾರ, ಅವರಿಗೇನ್ ತಿಳೀತದ — ಬೂದೆಪ್ಪ ಕೂತೇಬಿಟ್ಟ, ಗಾದಿಯ ಮೇಲೆ, ಸಾವ್ಕಾರನ ಪಕ್ಕದಲ್ಲೇ, ಅದು ಖರೇ ಬಿಡ್ರಿ ಅಂದ. ಮುಗಿಯಿತು, ಒಂದು ಕಪ್ಪು ಚಹಾಕ್ಕೆ ಮಾರಿಕೊಂಡ, ಇನ್ನು ರಾಯಚೂರಿನಲ್ಲೂ ನಗುತ್ತಾರೆ, ಅಕ್ಕನಿಗೆ ಏನು ಹೇಳುವುದು, ಕಣ್ಣೆದುರು ಸೀರೆಗಳ ಕೆಂಪು ಹಸಿರು ಕಲಸಿಹೋಯಿತು, ಅಷ್ಟರಲ್ಲಿ ಸಾವ್ಕಾರ ಒಂದು ಮಾತು ಹೆಚ್ಚಿಗೆ ಆಡಿದ. ಇಲ್ಲಾಂದ್ರ ನೀವ ದಪ್ಪ ಆಗಿರಬೇಕ್ರಿ, ಅತ್ತಿ ಮನ್ಯಾಗ ಕೂತು ಉಂಡ್ರ ಯಾರಿಗೆ ಮೈ ಬರೂದಿಲ್ಲ. ಅಂಗಡಿ ನಕ್ಕಿತು. ಬೂದೆಪ್ಪ ನಗಲಿಲ್ಲ. ನಗಿಸಿ ಗೊತ್ತು ಅವನಿಗೆ, ನಗಿಸಿಕೊಂಡು ಗೊತ್ತಿಲ್ಲ, ಎದ್ದು ನಿಂತ, ಕುರಿ ಹಿಂಡನ್ನು ಹಳ್ಳದಾಚೆಯಿಂದ ಕೂಗಿ ಕರೆಯುವ ಗಂಟಲು ಅದು, ತಗಡಿನ ಮಾಡು ಗುಂಯ್‌ಗುಟ್ಟಿತು — ಹೊಟ್ಟಿ ದಪ್ಪ ಆಗಬಹುದು ಸಾವ್ಕಾರ್ರ, ಕೈ ಉದ್ದ ಆಗ್ತಾವೇನ್ರಿ, ನಾ ಏನ್ ಹೀರಿಬಳ್ಳಿಯೇನು, ನಮ್ಮ ಅತ್ತಿ ಮನಿಯವರು ನೆಟ್ಟಗಿದ್ದದ್ದ ಕೊಟ್ಟಾರ, ಇಕಿ ಹತ್ತಿ ಬಿಡಿಸಿದ ರೊಕ್ಕದಾಗ ಕೊಟ್ಟಾಳ, ಕೆಟ್ಟದ್ದು ನಿಮ್ಮ ಅಂಗಡಿ ಅರಿವಿ, ನಮ್ಮ ಅತ್ತಿ ಮನಿ ಅಲ್ಲ. ಕೇಳಿತೇ, ನಿಜವಾಗಿಯೂ ಅಂದನೇ, ಅವಳ ಕಿವಿಯೊಳಗೆ ನೀರು ಹೊಕ್ಕಂತೆ, ಏನಂದಿ ಮಾವ, ಆ ಮೂಲ್ಯಾಗಿನವರಿಗೆ ಕೇಳಲಿಲ್ಲ ಎಂದಳು. ಅವನು ಮೂಲೆಯ ಕಡೆ ತಿರುಗಿ ಇನ್ನೂ ಜೋರಾಗಿ ಅಂದ. ಅಲ್ಲಿ ಅಳಿಯನಿಗೆ ಬಟ್ಟೆ ಆರಿಸುತ್ತಿದ್ದ ಹೆಂಗಸು, ಸಾವ್ಕಾರ ಆಗಿನಿಂದ ರಜಿಯಾ ಬೇಗಂ, ರಜಿಯಾ ಬೇಗಂ ಎಂದು ಬಾಯ್ತುಂಬ ಕರೆಯುತ್ತಿದ್ದವಳು, ಮುಂದಿದ್ದ ರಾಶಿಯನ್ನು ಹಾಗೆಯೇ ಆಚೆ ಸರಿಸಿದಳು, ನಕ್ಕೋ ಭಾಯಿ, ಹಮನಾ ನಕ್ಕೋ, ನಮಗ ಬ್ಯಾಡ ಈ ಅರಿವಿ, ನಮ್ಮ ಅಳಿಯಾನೂ ಉದ್ದ ಅದಾನ.

ಬ್ಯಾರೆ ಜುಬ್ಬಾ ಕೊಡ್ತೀನಿ ತಗೋರಿ ಅಂದ ಸಾವ್ಕಾರ, ಧ್ವನಿ ಇಳಿದಿತ್ತು, ಬ್ಯಾಡ್ರಿ, ಅದೂ ಗಿಡ್ಡ ಆದ್ರ ಮತ್ತ ಬಸ್ ಹತ್ತಬೇಕು, ರೊಕ್ಕಾನ ಕೊಡ್ರಿ ಅಂದಳು ಯಮನಮ್ಮ, ಕೊಡ್ತೀನಿ, ಮೊದಲ ಅದನ್ನ ಬಿಚ್ಚಸ್ರಿ. ಬೂದೆಪ್ಪ ಬಿಚ್ಚಲು ಹೋದ, ತಲೆಯ ಮೇಲಿಂದ ಎಳೆದ, ಜುಬ್ಬಾ ಹೆಗಲಿಗೆ ಬಂದು ನಿಂತಿತು, ಮೇಲೂ ಹೋಗದು, ಕೆಳಗೂ ಬಾರದು, ಕೈಗಳೆರಡೂ ಮೇಲೆ, ಮುಖ ಬಟ್ಟೆಯೊಳಗೆ, ಹೊಟ್ಟೆ ಹೊರಗೆ, ಒಂದು ತೋಳನ್ನು ಸಾವ್ಕಾರ ಹಿಡಿದ, ಇನ್ನೊಂದನ್ನು ಅವಳು ಹಿಡಿದಳು, ಬಟ್ಟೆಯೊಳಗಿಂದ ಸಣ್ಣ ದನಿ, ಯಮನವ್ವಾ, ಸಾವಕಾಶ ಜಗ್ಗವ್ವಾ. ಯಮನವ್ವಾ ಅಂದ. ಏನಬೇ ಅಲ್ಲ, ಯಮನಿ ಅಲ್ಲ. ರೊಕ್ಕ ಅವಳ ಕೈಗೆ ಬಂತು, ಸೆರಗಿನ ತುದಿಗೆ ಗಂಟು ಬಿತ್ತು, ಪಕ್ಕದ ಅಂಗಡಿಯಲ್ಲಿ ಗಂಟು ಬಿಚ್ಚಿತು, ನೀಲಿ ಟೆರಿಕಾಟ್ ಅಂಗಿ, ಇದು ಹರಿದರೂ ಗಿಡ್ಡ ಆಗೂದಿಲ್ಲ ಎಂದ ಆ ಅಂಗಡಿಯವನು, ಬೂದೆಪ್ಪ ಗುಂಡಿ ಹಾಕಿಕೊಂಡು ಗಾಜಿನಲ್ಲಿ ನೋಡಿಕೊಂಡ, ಅವಳಿಗೆ ಮಾತ್ರ ಇನ್ನೂ ಅದೇ ಕಾಣುತ್ತಿದೆ, ಕೈಗಳೆರಡೂ ಮೇಲೆ, ಮುಖ ಬಟ್ಟೆಯೊಳಗೆ, ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಕೊಂಡು ಅರ್ಧ ಅವಳ ಸೆರಗಿಗೆ ಸುರಿದ, ನೆಲ ನೋಡುತ್ತ ಅಂದ, ಜವಳಕ್ಕ ಎರಡು ದಿನ ಮೊದಲ ಬಾ, ನಿಮ್ಮವ್ವನ್ನೂ ಕರ್ಕೊಂಡು ಬಾ, ಅಂಗಳದಾಗ ಎಲ್ಲಾರ ಮುಂದ ನೀನ ಆಯೇರಿ ತಟ್ಟಿ ಹಿಡಿ. ಹೂಂ ಅಂದಳು, ನಗು ಒತ್ತಿಕೊಂಡು, ಗಂಭೀರವಾಗಿ, ಅಕ್ಕನಿಗೆ ಎಲ್ಲಿಂದ ಶುರುಮಾಡಿ ಹೇಳುವುದು, ಬೋರ್ಡಿನಿಂದಲೋ, ಹೀರಿಬಳ್ಳಿಯಿಂದಲೋ, ನಕ್ಕೋ ಎಂದವಳಿಂದಲೋ ಎಂದು ಜೋಡಿಸಿಕೊಳ್ಳಲು ಹೋದರೆ ಜೋಡಣೆ ಆಗದು, ಬಸ್ಸು ಹೊರಟಿತು, ಶೇಂಗಾ ಸಿಪ್ಪೆ ಗಾಳಿಗೆ ಹಾರಿತು, ಕೈಗಳೆರಡೂ ಮೇಲೆ, ಬಿಳಿ ಬಟ್ಟೆ, ತಲೆಯಿಲ್ಲ, ಬಾಯಿಯಿಲ್ಲ, ಕೈಗಳೆರಡೂ ಮೇಲೆ, ತೋಳಿನ ತುದಿ ಅವಳ ಮುಷ್ಟಿಯಲ್ಲಿ, ಸಾವಕಾಶ ಜಗ್ಗವ್ವಾ, ಕೈಗಳೆರಡೂ ಮೇಲೆ —